ಉದ್ದನೆಯ ಹಾಡಿನ ಹುಚ್ಚು

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಕನ್ನಡ ವಾಚನಾಲಯದಲ್ಲಿ ಇಂಗ್ಲೆಂಡಿನ ರಾಕ್ ಸಂಗೀತದ ಮಾತೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಕಾರಣವಿದೆ. ನಮ್ಮ ಸದಸ್ಯರ ಮಕ್ಕಳಲ್ಲಿ ಕೆಲವರಿಗೆ ಈ ಸಂಗೀತದ ಹುಚ್ಚು ಹಿಡಿದಿದೆ. "ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಕೂತರೆ ಊಟಕ್ಕೆ ಕರೆದರೂ ಏಳುವುದಿಲ್ಲ. ಎಂಥ ಗದ್ದಲವೋ ಏನೋ!" ಎಂದು ತಾಯಿತಂದೆಗಳು ನಮ್ಮೊಡನೆ ಹೇಳಿಕೊಳ್ಳುತ್ತಾರೆ. ಗದ್ದಲವೆಂದು ತಳ್ಳಿಬಿಡುವ ಮುನ್ನ ಅದು ಎಲ್ಲಿಂದ ಬಂತು, ತರುಣರು ಅದಕ್ಕೆ ಏಕೆ ಮನಸೋತರು ಎಂಬುದನ್ನು ನಾಲ್ಕು ಜನ ಕೂಡಿ ವಿಚಾರ ಮಾಡುವುದು ಒಳ್ಳೆಯದೆಂದು ನಮಗೆ ತೋರಿತು.

ಈ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎಂದು ಹೆಸರು. ಪ್ರಗತಿಶೀಲ ಎಂದೊಡನೆ ಅನಕೃ ಅವರೂ 1940ರ ದಶಕದ ಪ್ರಗತಿಶೀಲ ಸಾಹಿತ್ಯವೂ ನಮಗೆ ನೆನಪಾಗುವುದು ಸಹಜ. ಅದಕ್ಕೂ ಇದಕ್ಕೂ ನಂಟಿಲ್ಲ. ಅವರು ಬಯಸಿದ್ದು ಸಮಾಜದ ಪ್ರಗತಿ. ಇವರು ಬಯಸಿದ್ದು ಹಾಡಿನ ಪ್ರಗತಿ. ಮೂರು ನಿಮಿಷಕ್ಕೆ ಮುಗಿದುಹೋಗುವ ಕುಣಿತದ ಹಾಡನ್ನು ಬೆಳೆಸಿ, ಕುಳಿತು ಕೇಳುವಂಥದನ್ನಾಗಿ ಮಾಡಬೇಕೆಂಬುದು ಇವರ ಹಂಬಲ.

ಹಾಡು ಮೂರು ನಿಮಿಷಕ್ಕೇ ಮುಗಿಯಬೇಕೆಂದು ಯಾವ ಸಂಗೀತಶಾಸ್ತ್ರವೂ ಹೇಳಿಲ್ಲ. ಹೇಳಿದ್ದು ಗ್ರಾಮಫೋನ್ ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು-ನಾಲ್ಕು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ಒಂದೇ ರಾಗವನ್ನು ಗಂಟೆಗಟ್ಟಲೆ ಹಾಡಬಲ್ಲ ನಮ್ಮ ವಿದ್ವಾಂಸರು ಕೂಡ ಆ ತಟ್ಟೆಗಾಗಿ ರಾಗವನ್ನು ಮಡಿಸಿ ಚಿಕ್ಕದು ಮಾಡಬೇಕಾಯಿತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯವರು ನಿಮಿಷಕ್ಕೆ 33⅓ ಸುತ್ತಿನ ಲಾಂಗ್‌ಪ್ಲೇ ತಟ್ಟೆಯನ್ನು ತಂದರು. ಒಂದು ಮಗ್ಗುಲಿಗೆ 20 ನಿಮಿಷಕ್ಕೂ ಮಿಕ್ಕಿ ಜಾಗ ಸಿಕ್ಕಿತು. ಆದರೂ ರಾಕ್ ಹಾಡುಗಾರರು ಬಹುಕಾಲ ಆ ಜಾಗದಲ್ಲಿ ಚಿಕ್ಕ ಹಾಡುಗಳನ್ನೇ ಸಾಲಾಗಿ ಜೋಡಿಸುತ್ತಿದ್ದರು.

ಇಂಗ್ಲೆಂಡಿನ ಕೆಲವು ತರುಣರಿಗೆ ಇದು ಸಾಲದೆನಿಸಿತು. 1967ರಲ್ಲಿ ಮೂಡಿ ಬ್ಲೂಸ್ ಎಂಬ ಮೇಳ ವಾದ್ಯವೃಂದವನ್ನು ಜೊತೆಗಿಟ್ಟುಕೊಂಡು ಒಂದು ದಿನದ ಬೆಳಗಿನಿಂದ ರಾತ್ರಿಯವರೆಗಿನ ಭಾವಗಳನ್ನು ಒಂದೇ ತಟ್ಟೆಯಲ್ಲಿ ಪೋಣಿಸಿತು. 1969ರ ಅಕ್ಟೋಬರಿನಲ್ಲಿ ಕಿಂಗ್ ಕ್ರಿಮ್ಸನ್ ಮೇಳದ ಮೊದಲ ತಟ್ಟೆ ಬಂದಿತು. ಅಲ್ಲಿಂದ ದಾರಿ ತೆರೆಯಿತು. 1972ರಲ್ಲಿ ಯೆಸ್ ಮೇಳದವರ 'ಕ್ಲೋಸ್ ಟು ದಿ ಎಡ್ಜ್' ತಟ್ಟೆಯ ಒಂದು ಮಗ್ಗುಲನ್ನು ಪೂರ್ತಿ ತುಂಬಿತು. ಅದೇ ವರ್ಷ ಜೆನೆಸಿಸ್ ಮೇಳದವರು ಸುಮಾರು 23 ನಿಮಿಷದ ಹಾಡೊಂದನ್ನು ಕಟ್ಟಿದರು. ರಾತ್ರಿಯಿಡೀ ಯಕ್ಷಗಾನ ನೋಡಿದ ನಮ್ಮವರಿಗೆ 23 ನಿಮಿಷ ಯಾವ ಲೆಕ್ಕ? ಮೂರು ನಿಮಿಷದ ಅಭ್ಯಾಸವಿದ್ದ ಅಲ್ಲಿನ ಕಿವಿಗಳಿಗೆ ಮಾತ್ರ ಅದು ಹೊಸ ಪಾಠ.

ವಾದ್ಯಗಳೂ ಹೊಸವು. ಮೆಲ್ಲೊಟ್ರಾನ್ ಎಂಬುದನ್ನು ನೋಡಿರಿ. 1963ರ ಸುಮಾರಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದದ್ದು. ನೋಡಲು ನಮ್ಮ ಕಾಲಿನ ಹಾರ್ಮೋನಿಯಮ್ಮಿನ ಅಣ್ಣನಂತೆ. ಪ್ರತಿಯೊಂದು ಮನೆಯ ಕೆಳಗೂ ಪಿಟೀಲು, ಕೊಳಲು ಮುಂತಾದವುಗಳ ಸ್ವರವನ್ನು ಹಿಡಿದಿಟ್ಟ ಟೇಪಿನ ತುಂಡು. ಮನೆ ಒತ್ತಿದರೆ ಟೇಪು ಓಡುತ್ತದೆ, ಸುಮಾರು 8 ಸೆಕೆಂಡಿಗೆ ಮುಗಿಯುತ್ತದೆ. ಬೆರಳೆತ್ತಿದರೆ ಹಿಂದಕ್ಕೆ ಸರಿಯುತ್ತದೆ. ವಾದ್ಯವೃಂದಕ್ಕೆ ಹಣ ತೆರಲಾರದ ಹುಡುಗರಿಗೆ ಇದು ವರವಾಯಿತು.

ಹುಡುಗರು ಎಂದೆವು. ಅದು ಉತ್ಪ್ರೇಕ್ಷೆಯಲ್ಲ. ಜೆನೆಸಿಸ್ ಹುಟ್ಟಿದ್ದು 1967ರಲ್ಲಿ, ಚಾರ್ಟರ್‌ಹೌಸ್ ಎಂಬ ಸಿರಿವಂತರ ಶಾಲೆಯಲ್ಲಿ. ಮೈಕ್ ಓಲ್ಡ್‌ಫೀಲ್ಡ್ ಎಂಬಾತ ಬಹುಪಾಲು ವಾದ್ಯಗಳನ್ನು ತಾನೊಬ್ಬನೇ ನುಡಿಸಿ 1973ರಲ್ಲಿ 'ಟ್ಯೂಬ್ಯುಲರ್ ಬೆಲ್ಸ್' ತಟ್ಟೆಯನ್ನು ಹೊರತಂದಾಗ ಆತನಿಗೆ 20 ವರ್ಷ. ಎಲ್ಲರೂ ಸಿರಿವಂತರೂ ಅಲ್ಲ. ಯೆಸ್ ಮೇಳದ ಗಾಯಕ ಜಾನ್ ಆಂಡರ್ಸನ್ ಹುಟ್ಟಿದ್ದು 1944ರಲ್ಲಿ ಲ್ಯಾಂಕಶೈರಿನ ಆಕ್ರಿಂಗ್ಟನ್ನಿನಲ್ಲಿ. ಅದು ಹತ್ತಿಯ ಗಿರಣಿಗಳಿಗೂ ನೂಲುವ ಯಂತ್ರಗಳಿಗೂ ಹೆಸರಾಗಿದ್ದ ಊರು. ಆತ ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು ಹೊಲದಲ್ಲಿ ದುಡಿದ, ಲಾರಿ ಓಡಿಸಿದ, ಮನೆಮನೆಗೆ ಹಾಲು ಹಾಕಿದ. ಗಿರಣಿಯಲ್ಲಿ ಗುಮಾಸ್ತಿಕೆ ಮಾಡುವ ನಮಗೆ ಆ ಊರಿನ ಹೆಸರು ಕೇಳಿದಾಗ ಈ ಸಂಗೀತ ಅಷ್ಟೇನೂ ದೂರದ್ದೆನಿಸಲಿಲ್ಲ.

ಇನ್ನು ಕೇಳುಗರ ಮಾತು. ಇಂದಿನ ನಮ್ಮ ವಿಷಯದ ತಿರುಳು ಇಲ್ಲಿಯೇ ಇದೆ. 1970ರ ದಶಕದ ಮೊದಲಲ್ಲಿ ಅಲ್ಲಿ ಒಂದು ಲಾಂಗ್‌ಪ್ಲೇ ತಟ್ಟೆಗೆ ಸುಮಾರು ಎರಡು ಪೌಂಡ್ ಬೆಲೆ. ಶಾಲೆಗೆ ಹೋಗುವ ಹುಡುಗನಿಗೆ ಅದು ಸಣ್ಣ ಮೊತ್ತವಲ್ಲ. ಆದಕಾರಣ ಒಬ್ಬ ಕೊಂಡರೆ ಸಂಗಡಿಗರೆಲ್ಲ ಅವನ ಕೋಣೆಯಲ್ಲಿ ಸೇರಿ ಕೇಳುವರು. ಎರವಲು ಪಡೆದು ಮನೆಗೆ ಒಯ್ಯುವರು. ಪುಸ್ತಕಗಳಂತೆಯೇ ತಟ್ಟೆಗಳನ್ನೂ ಎರವಲು ಕೊಡುವ ಸಾರ್ವಜನಿಕ ಗ್ರಂಥಾಲಯಗಳು ಅಲ್ಲಿದ್ದವು. ಅಭಿಮಾನ ಬೆಳೆದದ್ದು ಹೀಗೆ, ಹಂಚಿಕೊಂಡು.

ಕೇಳುವ ರೀತಿಯೂ ಗಮನಿಸತಕ್ಕದ್ದು. ತಟ್ಟೆಯ ಹೊದಿಕೆ ಪುಸ್ತಕದಂತೆ ತೆರೆಯುತ್ತಿತ್ತು. ಒಳಗೆ ಹಾಡಿನ ಸಾಹಿತ್ಯ, ಚಿತ್ರಗಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತ ಕೇಳುವುದು ವಾಡಿಕೆ. ಜೆಥ್ರೋ ಟಲ್ ಮೇಳದವರು 1972ರಲ್ಲಿ ಎರಡೂ ಮಗ್ಗುಲಿಗೆ ಒಂದೇ ಹಾಡನ್ನಿಟ್ಟು, ಹೊದಿಕೆಯನ್ನು 12 ಪುಟದ ಹಳ್ಳಿಯ ಪತ್ರಿಕೆಯಾಗಿಯೇ ಅಚ್ಚುಹಾಕಿಸಿದರು. ಸುದ್ದಿಯೆಲ್ಲ ಕಲ್ಪಿತ, ತಮಾಷೆಯದು. ತಟ್ಟೆ ಕೇಳುತ್ತ ಪತ್ರಿಕೆ ಓದಿದ ಆ ಹುಡುಗರು ವಾಚನಾಲಯದವರಾದ ನಮ್ಮ ಜಾತಿಯವರೇ ಸರಿ!

ಮೊದಲ ಸಲ ಕೇಳಿದಾಗ ಇಂಥ ಹಾಡು ಕೈಗೆ ಸಿಕ್ಕುವುದಿಲ್ಲ. ನಾಲ್ಕನೆಯ ಸಲಕ್ಕೆ, ಆರಂಭದಲ್ಲಿ ಬಂದ ಸ್ವರವೇ ಕೊನೆಯಲ್ಲಿ ವೇಷ ಬದಲಿಸಿ ಬಂದಿದೆಯೆಂದು ಹೊಳೆಯುತ್ತದೆ. ತಾಳ ಎಣಿಸುವ ಚಟ ಹತ್ತುತ್ತದೆ. ಪಿಂಕ್ ಫ್ಲಾಯ್ಡ್ ಮೇಳದ 1973ರ 'ಮನಿ' ಎಂಬ ಹಾಡಿನ ಹೆಚ್ಚು ಭಾಗ ಏಳು ಎಣಿಕೆಯದು. ನಮ್ಮ ಮಿಶ್ರ ಛಾಪು, ರೂಪಕ ತಾಲ ಬಲ್ಲವರು ಕೈತಟ್ಟಿ ನೋಡಬಹುದು. ಹೀಗೆ ತಾಳ್ಮೆಯಿಂದ ಕಿವಿಗೊಟ್ಟ ಹುಡುಗರಲ್ಲಿ ಹಲವರು ಮುಂದೆ ಬಾಕ್, ಮುಸೋರ್ಗ್‌ಸ್ಕಿ ಮೊದಲಾದವರ ಸಂಗೀತದತ್ತಲೂ ಹೊರಳಿದರು.

ಈ ಹಾದಿಯಲ್ಲಿ ಅತಿಯೂ ಆಯಿತು. ಜಾನ್ ಆಂಡರ್ಸನ್ 1973ರಲ್ಲಿ ಪರಮಹಂಸ ಯೋಗಾನಂದರ ಆತ್ಮಕಥೆಯನ್ನು ಓದುತ್ತಿದ್ದಾಗ, ಶ್ರುತಿ, ಸ್ಮೃತಿ, ಪುರಾಣ, ತಂತ್ರಗಳನ್ನು ಕುರಿತ ಒಂದು ಅಡಿಟಿಪ್ಪಣಿ ಕಣ್ಣಿಗೆ ಬಿತ್ತು. ಅಷ್ಟರಿಂದಲೇ ನಾಲ್ಕು ಹಾಡು, ನಾಲ್ಕು ಮಗ್ಗುಲು, ಸುಮಾರು 80 ನಿಮಿಷದ ಜೋಡಿ ತಟ್ಟೆ ಹುಟ್ಟಿತು. ಅಭಿಮಾನಿಗಳಲ್ಲೇ ಭೇದ ಬಂತು. ಮೇಳದ ರಿಕ್ ವೇಕ್‌ಮನ್ನರೇ ಬೇಸತ್ತು 1974ರಲ್ಲಿ ಹೊರನಡೆದರು. 1976-77ರಲ್ಲಿ ಪಂಕ್ ಎಂಬ ಹೊಸ ಅಲೆ ಎದ್ದು, ಇವರದೆಲ್ಲ ಬರೀ ಆಡಂಬರವೆಂದು ಮೂದಲಿಸಿತು. ಅದರಲ್ಲಿ ಸ್ವಲ್ಪ ಹುರುಳೂ ಇತ್ತು. ಆದರೆ ಸಂಗೀತ ಸಾಯಲಿಲ್ಲ. ಹಿಂದೆ ಪಿಂಕ್ ಫ್ಲಾಯ್ಡ್ ಮೇಳದಲ್ಲಿದ್ದ ರೋಜರ್ ವಾಟರ್ಸ್ 2002ರಲ್ಲಿ ನಮ್ಮ ಬೆಂಗಳೂರಿಗೇ ಬಂದು ಹಾಡಿದರು.

ಮಿತ್ರರೇ, ಈಗ ತಟ್ಟೆಗೆ ಎರಡು ಪೌಂಡ್ ಕೂಡಿಡುವ ಕಷ್ಟವಿಲ್ಲ. ಎಲ್ಲವೂ ಜೇಬಿನ ಫೋನಿನಲ್ಲಿದೆ. ಆದರೆ ಅರ್ಧ ನಿಮಿಷಕ್ಕೊಂದು ದೃಶ್ಯ ಸರಿಸುವ ಕಾಲವಿದು. ಇಂಥ ಕಾಲದಲ್ಲಿ 23 ನಿಮಿಷ ಒಂದೇ ಕಡೆ ಮನಸ್ಸಿಟ್ಟು ಕುಳಿತ ಹುಡುಗನನ್ನು ನಾವು ಬೈಯಬೇಕೇ? ನಮ್ಮ ದಪ್ಪ ಕಾದಂಬರಿಗಳು ಬೇಡುವುದೂ ಅದೇ ತಾಳ್ಮೆಯನ್ನಲ್ಲವೇ? ಅನಕೃ ಅವರ 'ಸಂಧ್ಯಾರಾಗ'ವನ್ನು ಅಂಥವನ ಕೈಯಲ್ಲಿಟ್ಟು ನೋಡಿರಿ. ಸಂಗೀತದ ಹುಚ್ಚು ಏನೆಂಬುದು ಆ ಪುಸ್ತಕಕ್ಕೂ ಗೊತ್ತು, ಅವನಿಗೂ ಗೊತ್ತು.

ತರುಣರಿಗೂ ಒಂದು ಮಾತು. ಅಭಿಮಾನ ಒಳ್ಳೆಯದು, ತನ್ನದೇ ಶ್ರೇಷ್ಠ, ಮಿಕ್ಕಿದ್ದು ಕಸ ಎಂಬ ಹಮ್ಮು ಬೇಡ. ಒಬ್ಬನೇ ಕಿವಿ ಮುಚ್ಚಿಕೊಂಡು ಕೇಳಿದರೆ ಆ ಹಮ್ಮು ಬೇಗ ಬೆಳೆಯುತ್ತದೆ. ನಾಲ್ವರ ನಡುವೆ ಕೇಳಿದರೆ ಕರಗುತ್ತದೆ.

ಆದಕಾರಣ ಕಾರ್ಯಕಾರಿ ಸಮಿತಿಗೆ ನಮ್ಮ ಸೂಚನೆ ಇಷ್ಟೇ: ತಿಂಗಳಿಗೊಂದು ಸಂಜೆ ಇಲ್ಲಿ ಕೇಳುವ ಕೂಟ ನಡೆಯಲಿ. ಒಬ್ಬ ತರುಣ ತನ್ನ ಮೆಚ್ಚಿನ ಉದ್ದನೆಯ ಹಾಡೊಂದನ್ನು ತರಲಿ. ಒಬ್ಬ ಹಿರಿಯರು ಮಲ್ಲಿಕಾರ್ಜುನ ಮನ್ಸೂರರದೋ ಭೀಮಸೇನ ಜೋಶಿಯವರದೋ ಒಂದು ರಾಗವನ್ನು ತರಲಿ. ಎರಡನ್ನೂ ಎಲ್ಲರೂ ಕೊನೆಯವರೆಗೆ ಕೇಳಬೇಕು, ನಡುವೆ ಏಳಕೂಡದು. ಖರ್ಚು ಏನೂ ಇಲ್ಲ; ಚಹಾದ ಏರ್ಪಾಡನ್ನು ಸ್ವಯಂಸೇವಕರು ನೋಡಿಕೊಳ್ಳುತ್ತೇವೆ.