ಬೀರುವಿನಲ್ಲಿರುವ ಕಪ್ಪು ಮತ್ತು ಜಾಮಿಟ್ರಿ ಬಾಕ್ಸಿನಲ್ಲಿದ್ದ ಚೀಟಿ

(ಶಾಲೆಯ ಸುವರ್ಣ ಮಹೋತ್ಸವದ ಕ್ರೀಡಾಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗೆ ಮೈಕು ಹಿಡಿದು ಅಭ್ಯಾಸವಿಲ್ಲ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಸಮಿತಿಯವರು ಫೋನ್ ಮಾಡಿ, "2004ರ ಕಬಡ್ಡಿ ಕಪ್ಪಿನ ವಿಷಯ ಮಾತಾಡು, ಮಂಡಿಗೆ ಬ್ಯಾಂಡೇಜ್ ಕಟ್ಟಿಕೊಂಡು ಆಡಿ ಗೆಲ್ಲಿಸಿದ ನಮ್ಮ ಕ್ಯಾಪ್ಟನ್ ಕತೆ ಹೇಳು, ಮಕ್ಕಳಿಗೆ ಸ್ಫೂರ್ತಿ ಬರಲಿ" ಅಂದರು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಎರಡು ವಾರ ಸರಿಯಾಗಿ ನಿದ್ದೆ ಬರಲಿಲ್ಲ. ಯಾಕೆ ಅನ್ನುವುದನ್ನು ಹೇಳುತ್ತೇನೆ.

ಆ ಕಪ್ಪು ಈಗಲೂ ಹೆಡ್‌ಮಾಸ್ಟರ್ ಕೋಣೆಯ ಗಾಜಿನ ಬೀರುವಿನಲ್ಲಿದೆ. ಬೆಳಿಗ್ಗೆ ನೋಡಿಕೊಂಡು ಬಂದೆ. ಒಂದು ಕಡೆಯ ಹಿಡಿ ಬಿದ್ದುಹೋಗಿದೆ. ಕತೆ ನಿಮಗೆಲ್ಲ ಗೊತ್ತಿರುವುದೇ. ಹನೂರು ಆಗ ಇನ್ನೂ ಕೊಳ್ಳೇಗಾಲ ತಾಲೂಕಿನ ಒಳಗೇ ಇತ್ತು. ಕೊಳ್ಳೇಗಾಲದಲ್ಲಿ ತಾಲೂಕು ಮಟ್ಟ ಗೆದ್ದೆವು, ಚಾಮರಾಜನಗರದಲ್ಲಿ ಜಿಲ್ಲಾ ಮಟ್ಟ. ಈ ನಡುವೆ ಗಣೇಶನ ಹಬ್ಬ ಬಂತು. ಯಳಂದೂರು ಕಡೆಯ ಒಂದು ಊರಲ್ಲಿ ರಾತ್ರಿ ಲೈಟು ಹಾಕಿ ಕಬಡ್ಡಿ ಇಟ್ಟಿದ್ದರು. ನಮ್ಮ ಕ್ಯಾಪ್ಟನ್ ಅಲ್ಲಿ ಆಡಲು ಹೋದ. ರೈಡಿಗೆ ಹೋಗಿ, ಬೋನಸ್ ಗೆರೆಯ ಹತ್ತಿರ ಕಾಲೂರಿ, ಸರಕ್ಕನೆ ಹಿಂದಕ್ಕೆ ತಿರುಗಿದ. ಮಂಡಿಯೊಳಗೆ ಟಪ್ ಅಂತ ಒಂದು ಸದ್ದು. ಯಾರೂ ಅವನನ್ನು ಮುಟ್ಟಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮಂಡಿ ತೆಂಗಿನಕಾಯಿ ಗಾತ್ರ ಆಗಿತ್ತು.

ಜಿಲ್ಲಾ ಮಟ್ಟದ ಪಂದ್ಯಕ್ಕೆ ಮೂರು ವಾರವೂ ಇರಲಿಲ್ಲ. ಅವನಿಲ್ಲದ ನಮ್ಮ ಟೀಮು ಎತ್ತಿಲ್ಲದ ಗಾಡಿ. ನಾನು ಆಡುತ್ತಿರಲಿಲ್ಲ, ಸ್ಕೋರ್ ಬರೆಯುವವನು, ನೀರಿನ ಬಿಂದಿಗೆ ಹೊರುವವನು. ಆದರೆ ಅವನ ಜೊತೆ ಆಸ್ಪತ್ರೆಗೆ ಹೋದವನು ನಾನೊಬ್ಬನೇ. ಎಕ್ಸ್‌ರೇ ತೆಗೆದರು. ಡಾಕ್ಟರು ನೋಡಿ ಹೇಳಿದ್ದು ಇಷ್ಟು: ಮೂಳೆ ಮುರಿದಿಲ್ಲ, ಆದರೆ ಆರು ವಾರ ಆಟ ಬೇಡ, ಆಮೇಲೂ ಮಂಡಿ ಜಾರಿದ ಹಾಗೆ ಆದರೆ ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿ. ಅದನ್ನು ಚೀಟಿಯಲ್ಲಿ ಬರೆದೂ ಕೊಟ್ಟರು.

ಆ ಚೀಟಿಯನ್ನು ನಾನು ಮಡಚಿ ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡೆ.

ಹದಿನೈದು ದಿನಕ್ಕೆ ಊತ ಇಳಿಯಿತು. ಅವನು ನಡೆದ, ನಿಧಾನಕ್ಕೆ ಓಡಿಯೂ ತೋರಿಸಿದ. "ಏನೂ ಆಗಿಲ್ಲ ಕಲಾ, ಬಿಗ್ಯಾಗಿ ಕಟ್ಟು" ಅಂದ. ಪಿಟಿ ಸಾರು ನನ್ನನ್ನು ಕರೆದು ಕೇಳಿದರು, "ನೀನು ಹೋಗಿದ್ದಲ್ಲಾ, ಡಾಕ್ಟ್ರು ಏನಂದ್ರುಲಾ?" ನಾನು ಅವರ ಮುಖ ನೋಡಿಯೇ ಹೇಳಿದೆ: "ಆಡ್ಬೋದು ಅಂದ್ರು ಸಾ."

ಸಾರ್ ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಸಾರ್, ಇಪ್ಪತ್ತೊಂದು ವರ್ಷ ಆಯಿತು. ಡಾಕ್ಟರು ಹಾಗೆ ಅಂದಿರಲಿಲ್ಲ. ನೀವು ನಂಬಿದ್ದು ನನ್ನ ಮಾತನ್ನು.

ಚಾಮರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ, ಸಂತೇಮರಹಳ್ಳಿ ದಾಟಿದ ಮೇಲೆ, ಕ್ರೇಪ್ ಬ್ಯಾಂಡೇಜ್ ಕಟ್ಟಿದವನು ನಾನೇ. ಮೊದಲ ಅರ್ಧದಲ್ಲಿ ಅವನು ಆಡಿದ್ದನ್ನು ನೋಡಿದವರು ಈ ಸಭೆಯಲ್ಲಿ ಏಳೆಂಟು ಜನ ಇದ್ದಾರೆ. ಅದನ್ನು ನಾನು ವರ್ಣಿಸುವುದಕ್ಕಿಂತ ಅವರನ್ನೇ ಕೇಳಿ. ಎರಡನೇ ಅರ್ಧದಲ್ಲಿ ಮತ್ತೆ ಹಾಗೇ ತಿರುಗಿದ, ಮತ್ತೆ ಅದೇ ಸದ್ದು. ಆದರೆ ಅಷ್ಟರಲ್ಲಿ ಅವನು ತಂದಿದ್ದ ಪಾಯಿಂಟುಗಳು ಸಾಕಾಗಿದ್ದವು. ಎರಡು ಪಾಯಿಂಟಿನಲ್ಲಿ ಗೆದ್ದೆವು. ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಕುಣಿದೆವು. ನಿಜ ಹೇಳಬೇಕೆಂದರೆ ಅವನಿಗೆ ಕಾಲೂರಲು ಆಗುತ್ತಿರಲಿಲ್ಲ, ಹೊರದೆ ಬೇರೆ ದಾರಿಯೂ ಇರಲಿಲ್ಲ.

ಅದೇ ಅವನ ಕೊನೆಯ ಕಬಡ್ಡಿ.

ಮಂಡಿಯ ಒಳಗೆ ಏನಾಗಿತ್ತು ಅನ್ನುವುದು ನಮಗೆ ತಿಳಿದದ್ದು ಹದಿನಾಲ್ಕು ವರ್ಷದ ಮೇಲೆ, ನಾನು ಸಂಬಳ ಎಣಿಸುವಂತಾಗಿ ಅವನನ್ನು ಮೈಸೂರಿಗೆ ಕರೆದೊಯ್ದು ಎಂಆರ್‌ಐ ಮಾಡಿಸಿದಾಗ. ತೊಡೆಯ ಮೂಳೆಯನ್ನೂ ಕೆಳಗಿನ ಕಾಲಿನ ಮೂಳೆಯನ್ನೂ ಮಂಡಿಯ ನಡುವೆ ಹಿಡಿದುಕೊಂಡಿರುವ ಎರಡು ಹುರಿಗಳಿವೆ, ಒಂದರ ಮೇಲೊಂದು ಅಡ್ಡ ಹಾಯ್ದು. ಮುಂದಿನದಕ್ಕೆ ಎಸಿಎಲ್ ಅನ್ನುತ್ತಾರೆ. ಅದು ಹರಿದರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ನೇರವಾಗಿ ನಡೆಯುವುದಕ್ಕೆ ಆ ಹುರಿಯ ಹಂಗು ಅಷ್ಟಾಗಿ ಇಲ್ಲ. ಹಾಗಾಗಿ ಊತ ಇಳಿದ ಕೂಡಲೇ ವಾಸಿಯಾಯಿತು ಅನ್ನಿಸುತ್ತದೆ. ಓಡುತ್ತಾ ಓಡುತ್ತಾ ತಟ್ಟನೆ ನಿಂತು ತಿರುಗಬೇಕಾದಾಗ ಅದು ಬೇಕು. ಕಬಡ್ಡಿ ಪೂರ್ತಿ ತಿರುಗುವುದೇ, ಫುಟ್‌ಬಾಲೂ ಹಾಗೇ. ಹುರಿ ಇಲ್ಲದ ಮಂಡಿ ಜಾರಿದಾಗಲೆಲ್ಲ ಒಳಗಿನ ಗಾದಿಯಂಥ ಮೆದುಮೂಳೆ ಸವೆಯುತ್ತದೆ, ಹರಿಯುತ್ತದೆ. ಇವನದು ಎರಡೂ ಕಡೆ ಹರಿದಿತ್ತು. ಮೊದಲ ಸಲದ್ದು ಹುರಿ. ಗಾದಿ ಹೋದದ್ದು ಬಹುಶಃ ಚಾಮರಾಜನಗರದಲ್ಲಿ.

ಅವನ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಹುಳು ಹಣ್ಣಾದಾಗ ಚಂದ್ರಿಕೆಗೆ ಬಿಡಲು ಕುಕ್ಕರುಗಾಲಲ್ಲಿ ಕೂರಬೇಕು. ಅವನಿಗೆ ಆಗುವುದಿಲ್ಲ, ಸ್ಟೂಲ್ ಹಾಕಿಕೊಳ್ಳುತ್ತಾನೆ. ಸೊಪ್ಪಿನ ಹೊರೆ ಹೊರುವುದು ಅವನ ಹೆಂಡತಿ. ಶಿವರಾತ್ರಿಗೆ ನಾವೆಲ್ಲ ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗುತ್ತೇವೆ. ಅವನು ಬಸ್ಸಿನಲ್ಲಿ ಹೋಗಿ ಮೇಲೆ ಕಾಯುತ್ತಾ ಕೂತಿರುತ್ತಾನೆ. "ನಿಧಾನಕ್ ಬನ್ರಪ್ಪ" ಅಂತ ನಗುತ್ತಾನೆ. ಈ ಕತೆ ಹೇಳುತ್ತೇನೆ ಎಂದು ಮೊದಲು ಅವನನ್ನೇ ಕೇಳಿದೆ. "ಹೇಳು, ಹೆಸರು ಮಾತ್ರ ಬೇಡ" ಅಂದ. ಊರಿಗೆಲ್ಲ ಗೊತ್ತಿರುವ ಹೆಸರು, ಆದರೂ ಮಾತು ಮಾತೇ.

ಈಗ ದೊಡ್ಡ ಆಟಗಾರರ ವಿಷಯಕ್ಕೆ ಬರುತ್ತೇನೆ. ನಾವು ಹುಡುಗರು ಅಂದು ಹಾಗೆ ಮಾಡಲು ನಮ್ಮ ತಲೆಯಲ್ಲಿ ಒಂದು ಚಿತ್ರ ಇತ್ತು. 2002ರ ಮೇ ತಿಂಗಳು, ಆಂಟಿಗಾ ಟೆಸ್ಟು. ಬ್ಯಾಟ್ ಮಾಡುವಾಗ ಮರ್ವಿನ್ ಡಿಲನ್ ಚೆಂಡು ಬಡಿದು ನಮ್ಮ ಅನಿಲ್ ಕುಂಬ್ಳೆ ಅವರ ದವಡೆ ಮುರಿಯಿತು. ತಲೆಯಿಂದ ಗದ್ದಕ್ಕೆ ಬಟ್ಟೆ ಸುತ್ತಿಕೊಂಡು ಬಂದು ಒಂದೇ ಸಮನೆ 14 ಓವರ್ ಹಾಕಿ ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದರು. ಆ ಪೇಪರ್ ಫೋಟೋ ನಮ್ಮ ಹಾಸ್ಟೆಲ್ ಗೋಡೆ ಮೇಲಿತ್ತು. ಈಗಲೂ ನೋಡಿದರೆ ಮೈ ಝುಂ ಅನ್ನುತ್ತದೆ. ಆದರೆ ಆಗ ನಮಗೆ ಹೊಳೆಯದ ಒಂದು ಮಾತಿದೆ: ಕುಂಬ್ಳೆ ದವಡೆಯಿಂದ ಬೌಲ್ ಮಾಡುವುದಿಲ್ಲ. ನೋವು ಅಪಾರ, ಆದರೆ ಕೈ, ಭುಜ, ಕಾಲು ಗಟ್ಟಿಯಿದ್ದವು. ಮರುದಿನವೇ ಅವರು ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹೊರಟರು. ನಮ್ಮವನು ಆಡಿದ್ದು ಮುರಿದ ಜಾಗದ ಮೇಲೆಯೇ.

ಫುಟ್‌ಬಾಲಿನಲ್ಲೂ ಇಂಥದೇ ಒಂದು ಇದೆ. ನಮ್ಮ ಕಡೆ ಫುಟ್‌ಬಾಲ್ ಅಂದರೆ ಒಡೆಯರಪಾಳ್ಯದ ಟಿಬೆಟನ್ ಹುಡುಗರದೇ ಆಟ. ನಾವು ವಾಲಿಬಾಲನ್ನೇ ಒದ್ದು ಸಾರ್ ಕೈಲಿ ಏಟು ತಿಂದವರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್. ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿದ್ದರು. ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರನ್ನು ಬಿಡಲಿಲ್ಲ, ಆದರೆ ಹಳೆಯ ಜಾಗದಲ್ಲೂ ನಿಲ್ಲಿಸಲಿಲ್ಲ. ಮುಂದಕ್ಕೆ, ಫಾರ್ವರ್ಡ್ ಆಗಿ ಆಡಿಸಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಅವರೂ ಒಂದು ಗೋಲು ಹೊಡೆದರು. ಭಾರತ 2-1ರಲ್ಲಿ ಚಿನ್ನ ಗೆದ್ದಿತು. ಇವತ್ತಿನ ವೈದ್ಯರು ತಲೆಯ ಪೆಟ್ಟನ್ನು ಅಷ್ಟು ಹಗುರವಾಗಿ ಬಿಡುವುದಿಲ್ಲ ಅನ್ನುವುದು ಬೇರೆ ಮಾತು.

ಇನ್ನೊಬ್ಬರು ಇಟಲಿಯ ಫ್ರಾಂಕೊ ಬರೇಸಿ. 1994ರ ವಿಶ್ವಕಪ್‌ನಲ್ಲಿ ನಾರ್ವೆ ವಿರುದ್ಧ ಆಡುವಾಗ ಮಂಡಿಯ ಮೆದುಮೂಳೆ ಹರಿಯಿತು. ಆಪರೇಷನ್ ಆಯಿತು. 24 ದಿನದ ಮೇಲೆ ಬ್ರೆಜಿಲ್ ವಿರುದ್ಧ ಫೈನಲ್ ಆಡಿದರು, 34ರ ವಯಸ್ಸಿನಲ್ಲಿ 120 ನಿಮಿಷ, ಒಂದು ಗೋಲನ್ನೂ ಬಿಡದೆ. ಪೆನಾಲ್ಟಿಯಲ್ಲಿ ಮೊದಲ ಒದೆತ ಅವರದೇ. ಚೆಂಡು ಕಂಬದ ಮೇಲಿಂದ ಹಾರಿಹೋಯಿತು. ಇಟಲಿ ಸೋತಿತು. ಅವರದು ಸಣ್ಣ ಹರಿತ, ವೈದ್ಯರು ಒಳಗೆ ನೋಡಿ, ಸರಿಮಾಡಿ, ಕಳಿಸಿದ್ದು. ಹುರಿಯೇ ಹರಿದಿದ್ದರೆ 24 ದಿನದ ಮಾತೇ ಇರುತ್ತಿರಲಿಲ್ಲ. ಮಕ್ಕಳೇ, ಪೇಪರಿನಲ್ಲಿ "ಮಂಡಿ ನೋವಿನ ನಡುವೆಯೂ" ಅಂತ ಎಲ್ಲಕ್ಕೂ ಒಂದೇ ತಲೆಬರಹ ಹಾಕುತ್ತಾರೆ. ಒಳಗಿನ ಗಾಯ ಒಂದೇ ಅಲ್ಲ.

ನನಗೆ ತುಂಬ ಹಿಡಿಸಿದ್ದು ಮಂಗಳೂರಿನಲ್ಲಿ ಬೆಳೆದ ನಮ್ಮ ಕೆ.ಎಲ್. ರಾಹುಲ್ ಅವರದು. 2023ರ ಮೇ 1, ಲಖನೌದಲ್ಲಿ ಐಪಿಎಲ್ ಪಂದ್ಯ. ಬೌಂಡರಿ ಕಡೆಗೆ ಚೆಂಡಿನ ಹಿಂದೆ ಓಡುವಾಗ ಬಲತೊಡೆ ಹಿಡಿದು ಬಿದ್ದರು. ಆ ರಾತ್ರಿ ಅವರೂ ನಮ್ಮ ಹಾಗೇ ಮಾಡಿದರು, ಹನ್ನೊಂದನೆಯವರಾಗಿ ಕುಂಟುತ್ತಾ ಬ್ಯಾಟಿಗೆ ಬಂದರು. ತಂಡ ಸೋತಿತು. ಆಮೇಲಿನದು ನೋಡಿ. ವಿದೇಶದಲ್ಲಿ ಶಸ್ತ್ರಚಿಕಿತ್ಸೆ. ಜೂನ್‌ನಲ್ಲಿದ್ದ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್ ಬಿಟ್ಟುಕೊಟ್ಟರು. ಅದೂ ಫೈನಲ್ಲೇ. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಕಾಲಿಗೆ ಬಲ ಬರಿಸುವ ಕೆಲಸ. ಸೆಪ್ಟೆಂಬರಿನ ಏಷ್ಯಾ ಕಪ್‌ಗೆ ಆಯ್ಕೆಯಾದರು, ಅಷ್ಟರಲ್ಲಿ ಇನ್ನೊಂದು ಸಣ್ಣ ನೋವು. ಪಾಕಿಸ್ತಾನದ ಪಂದ್ಯ ಅಂತ ಯಾರೂ ಒಳಗೆ ತಳ್ಳಲಿಲ್ಲ, ಮೊದಲ ಎರಡು ಪಂದ್ಯ ಹೊರಗೇ ಇಟ್ಟರು. ಸೆಪ್ಟೆಂಬರ್ 10ರಂದು ಕೊಲಂಬೊದಲ್ಲಿ, ಶ್ರೇಯಸ್ ಅಯ್ಯರ್ ಬೆನ್ನು ಹಿಡಿದುಕೊಂಡಿದ್ದರಿಂದ ಟಾಸ್‌ಗೆ ಸ್ವಲ್ಪ ಮುಂಚೆ ಜಾಗ ಸಿಕ್ಕಿತು. 111 ನಾಟೌಟ್. ವಿರಾಟ್ ಕೊಹ್ಲಿ ಜೊತೆ ಮುರಿಯದ 233. ಮೇಲೆ ವಿಕೆಟ್ ಕೀಪಿಂಗ್ ಬೇರೆ, ಅಂದರೆ ನೂರಾರು ಸಲ ಕುಕ್ಕರಿಸಿ ಏಳುವುದು! ಮುಂದಿನ ತಿಂಗಳು ವಿಶ್ವಕಪ್, ಚೆನ್ನೈನಲ್ಲಿ ಆಸ್ಟ್ರೇಲಿಯಾ ವಿರುದ್ಧ 2 ರನ್‌ಗೆ 3 ವಿಕೆಟ್ ಬಿದ್ದಾಗ 97 ನಾಟೌಟ್.

ನವೆಂಬರ್ 19ರ ಫೈನಲ್ ನಮಗೆಲ್ಲ ನೆನಪಿದೆ. ಅವರೇ ನಮ್ಮ ಕಡೆ ಹೆಚ್ಚು ರನ್ ಹೊಡೆದವರು, 66. ಆದರೆ 107 ಬಾಲ್, ಒಂದೇ ಫೋರು. ಸೋತೆವು, ಅವರನ್ನು ಬೈದವರೂ ಉಂಟು. ನಾನೂ ಟಿವಿ ಮುಂದೆ ಬೈದೆ, ಸುಳ್ಳು ಯಾಕೆ. ಆದರೆ ಕಾಲು ಉಳಿದಿತ್ತು. 2025ರ ಮಾರ್ಚ್ 9ರಂದು ದುಬೈನಲ್ಲಿ ಚಾಂಪಿಯನ್ಸ್ ಟ್ರೋಫಿ ಫೈನಲ್ ಗೆದ್ದಾಗ ಕ್ರೀಸಿನಲ್ಲಿ 34 ನಾಟೌಟ್ ಆಗಿ ನಿಂತಿದ್ದವರು ಅವರೇ.

ರಾಹುಲ್‌ಗೆ ಅಕಾಡೆಮಿ ಇತ್ತು, ಫಿಜಿಯೋ ಇದ್ದರು, ದುಡ್ಡಿತ್ತು, ನಮಗೇನಿತ್ತು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮಗೆ ಇದ್ದದ್ದು ಒಂದು ಚೀಟಿ. ಅದು ಸಾಕಾಗಿತ್ತು, ನಾನು ತೋರಿಸಿದ್ದಿದ್ದರೆ.

ನನ್ನ ಕೆಲಸದಲ್ಲಿ ಒಂದು ರೂಢಿಯಿದೆ. ಪರೀಕ್ಷೆ ಮಾಡದೆ ಶುಕ್ರವಾರ ಸಂಜೆ ಸಾಫ್ಟ್‌ವೇರ್ ಬಿಡುಗಡೆ ಮಾಡಬಾರದು, ತಾರೀಕು ಕೊಟ್ಟಾಗಿದೆ ಅಂತ ಬಿಟ್ಟರೆ ಶನಿವಾರ ಭಾನುವಾರ ಅಳಬೇಕು. ಮಂಡಿಯ ಡಾಕ್ಟರು ಹೇಳಿದ್ದೂ ಅದನ್ನೇ. ಎಸಿಎಲ್ ಹರಿದರೆ ಮೈಯಿಂದಲೇ ಬೇರೆ ಸ್ನಾಯುರಜ್ಜು ತೆಗೆದು ಅಲ್ಲಿ ಕೂರಿಸುತ್ತಾರೆ. ಅದು ಅಲ್ಲಿ ಬೇರೂರಿ ಗಟ್ಟಿಯಾಗಲು ತಿಂಗಳುಗಳು ಬೇಕು. ತಿರುಗಿ ಓಡುವ ಆಟಕ್ಕೆ ಒಂಬತ್ತು ತಿಂಗಳಿಗೆ ಮುಂಚೆ ಹೋಗಬೇಡಿ ಅನ್ನುತ್ತಾರೆ. ಆಮೇಲೂ ಕ್ಯಾಲೆಂಡರ್ ನೋಡಿ ಬಿಡುವುದಿಲ್ಲ. ಒಂಟಿಕಾಲಲ್ಲಿ ಕುಪ್ಪಳಿಸಿ ದೂರ ಅಳೆಯುತ್ತಾರೆ. ಆಪರೇಷನ್ ಆದ ಕಾಲು ಒಳ್ಳೆಯ ಕಾಲಿನ ನೂರಕ್ಕೆ ತೊಂಬತ್ತರಷ್ಟಾದರೂ ಹಾರಬೇಕು. ಕುಂಟಾಬಿಲ್ಲೆ ಆಡಿದ ಹಾಗೆ. ಅಳೆಯುವ ಟೇಪು ಈ ಶಾಲೆಯ ಆಟದ ಕೋಣೆಯಲ್ಲೂ ಇದೆ. ನನ್ನ ಗೆಳೆಯನಿಗೆ ಆ ಹೊತ್ತಿಗೆ ಮೂಳೆ ಸವೆದುಹೋಗಿತ್ತು. ಈಗ ಆಪರೇಷನ್ ಮಾಡಿದರೂ ಆಟದ ಕಾಲು ಬರುವುದಿಲ್ಲ ಅಂದರು.

ಇಷ್ಟೆಲ್ಲ ಇವತ್ತು ಹೇಳಲು ಇನ್ನೊಂದು ಕಾರಣವಿದೆ. ನಿನ್ನೆ ಸಂಜೆ ಪೆಂಡಾಲ್ ಕಟ್ಟುವಾಗ ಹೈಸ್ಕೂಲಿನ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ಈ ವರ್ಷದ ಹುಡುಗಿಯರ ಕಬಡ್ಡಿ ಟೀಮಿನವಳು, ತಾಲೂಕು ಗೆದ್ದಿದ್ದಾರೆ. ಮಂಡಿಗೆ ಶಾಲು ಸುತ್ತಿದ್ದಳು. "ಅಣ್ಣಾ, ಹಳೇ ಕ್ಯಾಪ್ಟನ್ ಬ್ಯಾಂಡೇಜ್ ಹೆಂಗೆ ಕಟ್ಕೊಂಡಿದ್ರು, ತೋರಿಸ್ತೀರಾ? ಮುಂದಿನ ವಾರ ಜಿಲ್ಲಾ ಮಟ್ಟ" ಅಂದಳು. ಪಕ್ಕದಲ್ಲಿ ಅವಳ ಗೆಳತಿ ನಿಂತಿದ್ದಳು, ಕೈಯಲ್ಲಿ ಸ್ಕೋರ್ ಪುಸ್ತಕ. ನನಗೆ ಮಾತು ಹೊರಡಲಿಲ್ಲ. ನಮ್ಮ ಕ್ಯಾಪ್ಟನ್ ಅಲ್ಲೇ ಕುರ್ಚಿ ಜೋಡಿಸುತ್ತಿದ್ದ. ಅವನೇ ಬಂದು ಪ್ಯಾಂಟ್ ಮೇಲೆತ್ತಿ ಮಂಡಿ ತೋರಿಸಿದ, ಬಗ್ಗಿಸಿ ಕೂರಲು ಹೋಗಿ ಅರ್ಧಕ್ಕೆ ನಿಂತ. "ಇಂಗ್ ಕಟ್ಕೊಂಡಿದ್ದೆ ಕನವ್ವ" ಅಂದ.

ರಾತ್ರಿಯೇ ಅವಳ ಮನೆಗೆ ಹೋಗಿ ತಂದೆತಾಯಿ ಜೊತೆ ಮಾತಾಡಿದ್ದೇವೆ. ಅವಳ ತಂದೆಗೆ ಮೊದಲು ಸಿಟ್ಟು ಬಂತು, ಮಗಳು ಟೀಮಿಂದ ಹೊರಗೆ ಬೀಳುತ್ತಾಳಲ್ಲ ಅಂತ. ಅದೂ ಸಹಜ. ನಮ್ಮ ಬ್ಯಾಚಿನವರು ಸ್ಕ್ಯಾನ್ ಖರ್ಚು ಹಾಕಿಕೊಂಡಿದ್ದೇವೆ. ಗಾಯ ಸಣ್ಣದಾದರೆ ಆಡಲಿ, ನಾನೇ ಶಿಳ್ಳೆ ಹೊಡೆಯುತ್ತೇನೆ. ದೊಡ್ಡದಾದರೆ ಅವಳು ಇನ್ನೂ ಒಂಬತ್ತನೇ ಕ್ಲಾಸು, ಮುಂದಿನ ವರ್ಷವೂ ಜಿಲ್ಲಾ ಮಟ್ಟ ಇರುತ್ತದೆ.

ನಾಳೆ ಬೆಳಿಗ್ಗೆ ಆರಕ್ಕೆ ನಮ್ಮ ಕಾರು ಮೈಸೂರಿಗೆ ಹೊರಡುತ್ತದೆ. ಅವಳು, ಅವಳ ತಾಯಿ, ಕ್ಯಾಪ್ಟನ್, ನಾನು. ಪಿಟಿ ಸಾರಿಗೆ ಒಂದು ಸೀಟು ಇಟ್ಟಿದ್ದೇವೆ. ಸಾರ್, ಈ ಸಲ ಡಾಕ್ಟರು ಏನು ಹೇಳುತ್ತಾರೋ ನೀವೇ ಕೇಳಿಸಿಕೊಳ್ಳಿ.