ಕೀಲೆಣ್ಣೆ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳಗನ್ನಡ ಕಾವ್ಯವನ್ನು ಪಾಠ ಹೇಳಿದವನು ಎಂಜಿನ್ನಿನ ಎಣ್ಣೆಯ ವಿಚಾರ ಮಾತನಾಡಲು ಬಂದರೆ ಕೇಳುವವರಿಗೆ ನಗೆ ಬರುವುದು ಸಹಜ. ಯಂತ್ರಶಾಸ್ತ್ರದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಇರುವುದು ಒಂದು ಋಣ. ಅದರ ದೆಸೆಯಿಂದ ಕಲಿತದ್ದನ್ನಷ್ಟೇ ಹೇಳುತ್ತೇನೆ.

'ಎಣ್ಣೆ' ಎಂಬ ಮಾತು 'ಎಳ್' ಮತ್ತು 'ನೆಯ್' ಕೂಡಿ ಆದದ್ದು. ಎಂದರೆ ಎಳ್ಳಿನ ತುಪ್ಪ. ಕಾಲಕ್ರಮದಲ್ಲಿ ಅದು ಕೊಬ್ಬರಿ, ಹರಳು, ಹೊಂಗೆ, ಕೊನೆಗೆ ನೆಲದಾಳದ ಕಲ್ಲೆಣ್ಣೆಗೂ ಹೆಸರಾಯಿತು. ಬಯಲುಸೀಮೆಯ ನನ್ನ ಊರಿನಲ್ಲಿ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಅಡಿಗೆ ತೂಗುಹಾಕುತ್ತಿದ್ದರು. ಅದು ಕೀಲೆಣ್ಣೆ. ಗಾಡಿ ಕಿರುಗುಟ್ಟಿದರೆ ಅದನ್ನು ಸವರಿದರಾಯಿತು. ಎಣ್ಣೆಯ ವಿಷಯದಲ್ಲಿ ನನ್ನ ತಿಳಿವಳಿಕೆ ಬಹುಕಾಲ ಈ ಗೊಟ್ಟದಾಚೆ ಹೋಗಿರಲಿಲ್ಲ.

2016ರ ಮೇ ತಿಂಗಳಿನಲ್ಲಿ ಗಂಗೊಳ್ಳಿಯ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬಿ.ಎ. ಮುಗಿಸಿ ತಂದೆಯ ನಾಡದೋಣಿಗೆ ಇಳಿದವನು. ದೋಣಿಯ ಹಿಂಬದಿಗೆ ಕಟ್ಟುವ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ನೊಂದನ್ನು ಹಳೆಯದಾಗಿ ಕೊಂಡಿದ್ದ. ಜೊತೆಗೆ ಬಂದ ಇಂಗ್ಲಿಷ್ ಪುಸ್ತಿಕೆಯನ್ನು ನನ್ನ ಮುಂದಿಟ್ಟು, "ಸಾರ್, ಎಣ್ಣಿ ಬಗ್ಗೆ ಇದ್ರಗೆ ಎಂತ ಬರ್ದಿರ್? ಒಂಚೂರು ಕಾಣಿ" ಎಂದ. 'ಟಿಸಿ-ಡಬ್ಲ್ಯು3' ಎಂದು ಅಚ್ಚಾಗಿತ್ತು. ನನಗೆ ಅದು ತಿಳಿಯಲಿಲ್ಲ. ತಿಳಿಯದು ಎನ್ನಲು ನಾಲಗೆ ಏಳಲಿಲ್ಲ. "ಯಾವುದೋ ಕಂಪನಿಯ ಗುರುತಿರಬೇಕು. ಒಳ್ಳೆಯ ದಪ್ಪನೆಯ ಎಣ್ಣೆ ಹಾಕು, ಸಾಕು" ಎಂದೆ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ನಾಡದೋಣಿಯವರಿಗೆ ಅದೇ ದುಡಿಮೆಯ ಕಾಲ. ಹುಡುಗ ತನ್ನ ಭಾವನ ಲಾರಿಗೆಂದು ತಂದಿದ್ದ ಬೆಲೆಬಾಳುವ ಎಣ್ಣೆಯನ್ನೇ ಕೆಲವು ವಾರ ಬೆರೆಸಿದ. ಜುಲೈಯ ಒಂದು ಮುಂಜಾನೆ ಮೀನು ತುಂಬಿಕೊಂಡು ಮರಳುವಾಗ, ಸರಿಯಾಗಿ ಅಳಿವೆಯ ಬಾಯಲ್ಲಿ, ಎಂಜಿನ್ ನಿಂತಿತು. ಅಲ್ಲಿ ಎಂಜಿನ್ ನಿಂತರೆ ದೋಣಿ ತೆರೆಗೆ ಅಡ್ಡವಾಗುತ್ತದೆ, ಅಡ್ಡವಾದರೆ ಮಗುಚುತ್ತದೆ. ನಾಲ್ವರೂ ಈಜಿ ದಡ ಸೇರಿದರು. ಬಲೆ ಹೋಯಿತು. ಹುಡುಗನ ಚಿಕ್ಕಪ್ಪನ ಹೆಗಲು ಮುರಿಯಿತು. ಆತ ಮತ್ತೆ ಕಡಲಿಗೆ ಇಳಿಯಲಿಲ್ಲ.

ದಡಕ್ಕೆ ಬಿದ್ದ ಎಂಜಿನ್ನನ್ನು ಮೆಕ್ಯಾನಿಕ್ ಬಿಚ್ಚಿದಾಗ ನಾನೂ ಅಲ್ಲಿದ್ದೆ. ಪ್ಲಗ್ಗಿನ ತುದಿಯಲ್ಲಿ ಕರಿ ಕಟ್ಟಿತ್ತು. ಪಿಸ್ಟನ್ನಿನ ರಿಂಗುಗಳು ತಮ್ಮ ಗಾಡಿಯಲ್ಲೇ ಅಂಟಿ ಕುಳಿತಿದ್ದವು. ಮೇಲೆ ಬೂದಿಬಣ್ಣದ ಹಕ್ಕಳೆ. "ಇದನ್ ಹಾಕುಕೆ ನಿಮ್ಗೆ ಯಾರ್ ಹೇಳಿದ್?" ಎಂದು ಆತ ಗದರಿಸಿದ. ಹುಡುಗ ನನ್ನ ಕಡೆ ನೋಡಲಿಲ್ಲ, ಮಾತೂ ಆಡಲಿಲ್ಲ. ಹೇಳಿದವನು ನಾನೇ ಎಂದು ಒಪ್ಪಿಕೊಂಡೆ.

ಆ ಮೆಕ್ಯಾನಿಕ್ಕೇ ನನ್ನ ಮೊದಲ ಗುರು. ಲಾರಿಯ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿನ ತೊಟ್ಟಿಯಲ್ಲಿ ನಿಂತು, ಮತ್ತೆ ಮತ್ತೆ ಸುತ್ತಿ ಬರುತ್ತದೆ. ಕೊಳೆಯನ್ನು ತೊಳೆಯಲೆಂದು ಅದರಲ್ಲಿ ಕ್ಯಾಲ್ಸಿಯಂ ಮೊದಲಾದ ಲೋಹಗಳ ಲವಣಗಳನ್ನು ಸೇರಿಸಿರುತ್ತಾರೆ. ಟೂ ಸ್ಟ್ರೋಕಿನಲ್ಲಿ ಇಂಥ ತೊಟ್ಟಿಯಿಲ್ಲ. ಎಣ್ಣೆ ಇಂಧನದೊಡನೆ ಬೆರೆತು ಬಂದು, ಬೇರಿಂಗು ಸಿಲಿಂಡರುಗಳನ್ನು ಸವರಿ, ಕೊನೆಗೆ ತಾನೂ ಉರಿದುಹೋಗುತ್ತದೆ. ಲಾರಿಯಲ್ಲಿ ತೊಳೆಯುವ ಲವಣ ಇಲ್ಲಿ ಬೆಂಕಿಗೆ ಬಿದ್ದು ಬೂದಿಯಾಗುತ್ತದೆ. ಎಣ್ಣೆ ಕೆಟ್ಟದ್ದಲ್ಲ, ಅದು ಸೇರಿದ ಮನೆ ಬೇರೆ.

ಹಾಗಾದರೆ ಸ್ಕೂಟರಿನ ಟೂ-ಟಿ ಎಣ್ಣೆ ಆಗದೇ ಎಂದರೆ, ಅದೂ ಇಲ್ಲಿಗೆ ಹೇಳಿಸಿದ್ದಲ್ಲ. ಸ್ಕೂಟರನ್ನು ತಣಿಸುವುದು ಗಾಳಿ. ದೋಣಿಯ ಎಂಜಿನ್ನನ್ನು ತಣಿಸುವುದು ಕಡಲಿನ ನೀರು. ಗಾಳಿಯಿಂದ ತಣಿಯುವ ಸಿಲಿಂಡರು ಹೆಚ್ಚು ಕಾಯುತ್ತದೆ, ಅದಕ್ಕೆ ಹೊಂದುವಂತೆ ಅದರ ಎಣ್ಣೆ. ದೋಣಿಯದು ತಣ್ಣನೆಯ ಗೋಡೆಗಳ ನಡುವೆ ಗಂಟೆಗಟ್ಟಲೆ ಪೂರ್ಣ ವೇಗದಲ್ಲಿ ದುಡಿಯುವ ಎಂಜಿನ್. ಅದಕ್ಕೆ ಬೂದಿಯೇ ಉಳಿಯದ ಎಣ್ಣೆ ಬೇಕು. ನಾನು ಕಂಪನಿಯ ಗುರುತೆಂದು ತಳ್ಳಿಹಾಕಿದ ಅಕ್ಷರಗಳ ಅರ್ಥ ಇದೇ: 'ಟಿಸಿ' ಎಂದರೆ ಟೂ ಸೈಕಲ್, 'ಡಬ್ಲ್ಯು' ಎಂದರೆ ವಾಟರ್ ಕೂಲ್ಡ್. ಅಮೆರಿಕದ ನೌಕಾ ತಯಾರಕರ ಸಂಘದವರು ಗೊತ್ತುಪಡಿಸಿದ ಮಾನದಂಡವದು. ಎಷ್ಟೋ ಸಂಕ್ಷೇಪಾಕ್ಷರಗಳಿಗೆ ಟಿಪ್ಪಣಿ ಬರೆದವನು ಈ ಮೂರಕ್ಕೆ ಸೋತೆ.

ಅಳತೆಯ ಮಾತೂ ಉಂಟು. ಐವತ್ತಕ್ಕೆ ಒಂದು ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು. ಇಪ್ಪತ್ತೈದಕ್ಕೆ ಒಂದಾದರೆ 40. ನಮ್ಮ ನಾಡದೋಣಿಗಳು ಹೆಚ್ಚಾಗಿ ಪೆಟ್ರೋಲಿನಲ್ಲಿ ಹೊರಟು ಸೀಮೆಎಣ್ಣೆಯಲ್ಲಿ ಓಡುವಂಥವು. ಸೀಮೆಎಣ್ಣೆ ಪೆಟ್ರೋಲಿನಷ್ಟು ಶುಚಿಯಾಗಿ ಉರಿಯುವುದಿಲ್ಲ, ಕರಿ ಹೆಚ್ಚು. ಅದರ ಅಳತೆಯನ್ನು ಆಯಾ ಎಂಜಿನ್ನಿನ ಪುಸ್ತಿಕೆಯಿಂದಲೇ ತಿಳಿಯಬೇಕು. 'ಇರಲಿ' ಎಂದು ಒಂದು ಕೈ ಹೆಚ್ಚು ಸುರಿಯುವುದು ನಮ್ಮವರ ಔದಾರ್ಯ. ಫಲ ಹೊಗೆ ಮತ್ತು ಕರಿ.

ಫೋರ್ ಸ್ಟ್ರೋಕ್ ಎಂಜಿನ್ನುಗಳ ಡಬ್ಬಿಯ ಮೇಲೆ '20ಡಬ್ಲ್ಯು-40' ಎಂಬಂಥ ಬರಹವಿರುತ್ತದೆ. ಇದು ಎಣ್ಣೆಯ ಮಂದತ್ವದ ಲೆಕ್ಕ. ಈ 'ಡಬ್ಲ್ಯು' ನೀರಲ್ಲ, ತೂಕವೂ ಅಲ್ಲ, ವಿಂಟರ್, ಚಳಿಗಾಲ. ಮೊದಲ ಅಂಕೆ ತಣ್ಣಗಿರುವಾಗಿನ ನಡತೆ. ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿನದು. ದಪ್ಪ ಎಣ್ಣೆಯೇ ಬಲವಾದದ್ದೆಂಬ ನನ್ನ ನಂಬಿಕೆ ಇಲ್ಲಿ ಮುರಿಯಿತು. ಎಂಜಿನ್ ಹೊರಡುವ ಗಳಿಗೆಯಲ್ಲೇ ಸವೆತ ಹೆಚ್ಚು. ಆಗ ಎಣ್ಣೆ ಬೇಗ ಹರಿದು ತಲುಪಬೇಕು. ಮಲೆನಾಡಿನ ತೋಟಗಳಲ್ಲಿ ಅಡಕೆಗೆ ಬೋರ್ಡೋ ಸಿಂಪಡಿಸುವ ಸಣ್ಣ ಎಂಜಿನ್ನುಗಳಲ್ಲಿ ಹಿಡಿಯುವುದೇ ಸುಮಾರು ಅರ್ಧ ಲೀಟರು, ಅನೇಕವಕ್ಕೆ ಸೋಸುವ ಫಿಲ್ಟರೂ ಇಲ್ಲ. ಹೊಸದರಲ್ಲಿ ಇಪ್ಪತ್ತು ಗಂಟೆ ಓಡಿದೊಡನೆ ಎಣ್ಣೆ ಬದಲಿಸಿರೆಂದು ತಯಾರಕರು ಹೇಳುವುದು ಅದಕ್ಕೇ. ಮೋಟಾರು ಸೈಕಲ್ಲಿನಲ್ಲಿ ಕ್ಲಚ್ಚೂ ಸಾಮಾನ್ಯವಾಗಿ ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಕಾರಿನ ಎಣ್ಣೆ ಹಾಕಿದರೆ ಅದು ಜಾರಬಹುದು. ಅಲ್ಲಿ 'ಜಾಸೋ ಎಂ.ಎ.' ಎಂಬ ಗುರುತು ನೋಡಬೇಕು.

ನನ್ನ ಕೀಲೆಣ್ಣೆಯ ಪರವಾಗಿ ಒಂದು ಮಾತು ಹೇಳದಿರಲಾರೆ. 1914ರಿಂದ 1918ರ ಮಹಾಯುದ್ಧದಲ್ಲಿ ಹಾರಿದ ಅನೇಕ ವಿಮಾನಗಳ ಎಂಜಿನ್ನಿಗೆ ಹಾಕುತ್ತಿದ್ದುದು ಹರಳೆಣ್ಣೆ. ಕಾದ ಲೋಹವನ್ನು ಅದು ಬಿಡದೆ ಹಿಡಿಯುತ್ತದೆ. 'ಕ್ಯಾಸ್ಟ್ರಾಲ್' ಎಂಬ ಹೆಸರು ಬಂದದ್ದೂ ಹರಳಿನ ಇಂಗ್ಲಿಷ್ ಹೆಸರಾದ 'ಕ್ಯಾಸ್ಟರ್'ನಿಂದ. ಆದರೆ ಅದು ಬೇಗ ಅಂಟುಗಟ್ಟುತ್ತದೆ.

ಆ ಹುಡುಗ ಮರುವರ್ಷ ಸಾಲ ಮಾಡಿ ಬಲೆ ಕೊಂಡ. ನಾನೂ ಸ್ವಲ್ಪ ಕೊಟ್ಟೆ. ಅದನ್ನು ಸಾಲವೆಂದೇ ಬರೆದುಕೊಂಡು ತೀರಿಸಿದ. ಎಣ್ಣೆಯ ಡಬ್ಬಿಗೆ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ್ದೇನೆ. ಅಳೆಯಲು ಮಕ್ಕಳ ಔಷಧದ ಗೆರೆಬಟ್ಟಲನ್ನು ಇಟ್ಟುಕೊಂಡಿದ್ದಾನೆ. ಕಳೆದ ಮಳೆಗಾಲಕ್ಕೆ ಮುಂಚೆ ಬಂದು, "ಸಾರ್, ಗೇರಿನ ಎಣ್ಣಿ ಹಾಲ್ ಹಾಕಿದ್ ಚಾ ಕಂಡಂಗಿತ್ತ್" ಎಂದ. ಸೀಲು ಸವೆದು ನೀರು ಒಳಹೊಕ್ಕ ಲಕ್ಷಣವದು, ನನಗೆ ಗೊತ್ತಿತ್ತು. ಆದರೂ ನಾನೇನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡೆ. ಇಬ್ಬರೂ ಮೆಕ್ಯಾನಿಕ್ಕಿನ ಬಳಿಗೇ ಹೋದೆವು.