ಪಟ್ಟಿಯ ಪಕ್ಷವೂ ಪೆಟ್ಟಿಗೆಯ ಪಕ್ಷವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮತದಾರನೆನಿಸಬೇಕಾದರೆ ವಯಸ್ಸು ತುಂಬಿದರೆ ಸಾಲದು. ಪಟ್ಟಿಯಲ್ಲಿ ಹೆಸರನ್ನು ಬರೆಯಿಸಬೇಕು. ಉತ್ತರ ಡಕೋಟ ಒಂದರಲ್ಲಿ ಮಾತ್ರ ಈ ಕಟ್ಟಳೆಯಿಲ್ಲ. ಸುಮಾರು 30 ಸಂಸ್ಥಾನಗಳಲ್ಲಿ ಹೆಸರಿನೊಡನೆ ಪಕ್ಷವನ್ನೂ ಬರೆಯಿಸುವ ಪದ್ಧತಿಯುಂಟು. ಮತ ಗೋಪ್ಯ, ಪಕ್ಷ ಬಹಿರಂಗ! ನಮಗಿದು ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ.

ಈ ಪಟ್ಟಿಗಳನ್ನು ಎಣಿಸಿ ಜಯಾಪಜಯಗಳ ಭವಿಷ್ಯ ನುಡಿಯುವವರು ಅಲ್ಲಿ ಬಹು ಮಂದಿ. ಅವರು ಕೆಂಟಕಿಯನ್ನು ನೋಡಬೇಕು. 2000ದಿಂದ ಮೊದಲುಗೊಂಡು ಪ್ರತಿಯೊಂದು ಅಧ್ಯಕ್ಷ ಚುನಾವಣೆಯಲ್ಲಿಯೂ ಆ ಸಂಸ್ಥಾನ ರಿಪಬ್ಲಿಕನ್ ಪಕ್ಷವನ್ನೇ ವರಿಸಿದೆ. ಆದರೂ 2022ರ ಜುಲೈವರೆಗೆ ಅಲ್ಲಿನ ಪಟ್ಟಿಯಲ್ಲಿ ಡೆಮೊಕ್ರಾಟರ ಸಂಖ್ಯೆಯೇ ಹೆಚ್ಚಾಗಿತ್ತು. ಕಾರಣ ಗೂಢವಲ್ಲ. ಅಭ್ಯರ್ಥಿಗಳನ್ನು ಆರಿಸುವ ಪ್ರೈಮರಿ ಎಂಬ ಒಳಚುನಾವಣೆಯಲ್ಲಿ ಆಯಾ ಪಕ್ಷದವರೆಂದು ಬರೆಯಿಸಿದವರಿಗೆ ಮಾತ್ರ ಅಲ್ಲಿ ಪ್ರವೇಶ. ಷೆರೀಫ್ ಮೊದಲಾದ ಊರಿನ ಅಧಿಕಾರಗಳು ಎಷ್ಟೋ ಕಡೆ ಡೆಮೊಕ್ರಾಟರ ಪ್ರೈಮರಿಯಲ್ಲಿಯೇ ತೀರ್ಮಾನವಾಗುತ್ತಿದ್ದುದರಿಂದ, ಮನಸ್ಸು ಬದಲಾದವನೂ ಹೆಸರನ್ನು ಬದಲಾಯಿಸುತ್ತಿರಲಿಲ್ಲ. ತಂದೆಯ ಪಕ್ಷವೆಂಬ ಅಭಿಮಾನವೂ ಇದ್ದೀತು. ಪಟ್ಟಿ ಕೊನೆಗೆ ತಿರುಗಿತು. ಆದರೆ ಮರುವರ್ಷವೇ, 2023ರಲ್ಲಿ, ಡೆಮೊಕ್ರಾಟರಾದ ಆ್ಯಂಡಿ ಬೆಷಿಯರ್ ಎರಡನೆಯ ಬಾರಿ ಗವರ್ನರಾಗಿ ಆರಿಸಿಬಂದರು! ಪಟ್ಟಿ ಮತದಾರನ ನಿನ್ನೆಯನ್ನು ಹೇಳುತ್ತದೆಯೇ ಹೊರತು ನಾಳೆಯನ್ನಲ್ಲವೆಂದು ನಮ್ಮ ಅಭಿಪ್ರಾಯ.

ಇದಕ್ಕಿಂತ ಗಹನವಾದ ಪ್ರಶ್ನೆ ಪಟ್ಟಿಯ ಹೊರಗೆ ನಿಂತವರದು. ಮಿಸಿಸಿಪ್ಪಿಯ 1890ರ ರಾಜ್ಯಾಂಗವು ಮತದಾರನಿಗೆ ತಲೆಗಂದಾಯವನ್ನೂ ಪರೀಕ್ಷೆಯನ್ನೂ ವಿಧಿಸಿತು. ರಾಜ್ಯಾಂಗದ ಒಂದು ವಿಧಿಯನ್ನು ಓದಬೇಕು, ಇಲ್ಲವೆ ಅದರ ಅರ್ಥವನ್ನು ವಿವರಿಸಬೇಕು. ವಿವರಣೆ ಸರಿಯೋ ತಪ್ಪೋ ಎಂಬುದು ಪಟ್ಟಿ ಬರೆಯುವ ಅಧಿಕಾರಿಯ ಚಿತ್ತ. ಪಂಡಿತನಾದರೂ ಕರಿಯನಾದರೆ ಅನುತ್ತೀರ್ಣನಾಗಬಹುದಾಗಿತ್ತು! 1960ರಲ್ಲಿ ಅಲ್ಲಿನ ಜನರಲ್ಲಿ ನೂರಕ್ಕೆ 42 ಮಂದಿ ಕರಿಯರು. ಅವರಲ್ಲಿ ಪ್ರಾಯದವರಾಗಿ ಪಟ್ಟಿಗೆ ಸೇರಿದ್ದವರು 1965ಕ್ಕೆ ಮುಂಚೆ ನೂರಕ್ಕೆ ಸುಮಾರು 7 ಮಾತ್ರ. 1964ರಲ್ಲಿ ರಿಪಬ್ಲಿಕನ್ನರ ಗೋಲ್ಡ್‌ವಾಟರರಿಗೆ ಆ ಸಂಸ್ಥಾನದಲ್ಲಿ ನೂರಕ್ಕೆ 87 ಮತಗಳು ಬಿದ್ದುವೆಂದು ಓದುವಾಗ, ಆ ನೂರರಲ್ಲಿ ಯಾರು ಯಾರು ಸೇರಿರಲಿಲ್ಲವೆಂಬುದನ್ನು ನಾವು ಕೇಳಿಕೊಳ್ಳಬೇಕು. 1965ರ ಮತದಾನದ ಹಕ್ಕಿನ ಕಾಯಿದೆ ಆ ಪರೀಕ್ಷೆಗಳನ್ನು ತಡೆದು, ಕೇಂದ್ರ ಸರ್ಕಾರದ ಅಧಿಕಾರಿಗಳೇ ಹೋಗಿ ಹೆಸರು ಬರೆದುಕೊಳ್ಳುವಂತೆ ಮಾಡಿತು. 1967ರ ಹೊತ್ತಿಗೆ ಆ 7 ಸುಮಾರು 60 ಆಯಿತು.

ಹೊಸದಾಗಿ ಬಂದ ಈ ಮತದಾರರು ಬಹುತೇಕ ಡೆಮೊಕ್ರಾಟರ ಕಡೆ ನಿಂತರು. ಅಂತರ್ಯುದ್ಧದ ಕಾಲದಿಂದ ಆ ಪಕ್ಷಕ್ಕೆ ಅಂಟಿಕೊಂಡಿದ್ದ ದಕ್ಷಿಣದ ಬಿಳಿಯರು ಮೆಲ್ಲಮೆಲ್ಲನೆ ರಿಪಬ್ಲಿಕನ್ನರ ಕಡೆ ಸರಿದರು. ಲಿಂಕನ್ನನ ಪಕ್ಷದ ಮನೆ ಈಗ ದಕ್ಷಿಣದಲ್ಲಿದೆ.